ಓಡಿಸೋರ ಕಡ್ಡಿ

"ಇನ್ನೊಂಚೂರು ಜಾರು."

ಜಾರಿದೆ. ಬೆನ್ನು ಸೀಟಿನ ತಗಡಿನ ಮೇಲೆ ಪೂರ್ತಿ ಮಲಗಿತು, ಗದ್ದ ಎದೆಗೆ ತಾಗಿತು, ಎಡಗಾಲಿನ ಹೆಬ್ಬೆರಳು ಕ್ಲಚ್ಚಿನ ಅಂಚನ್ನು ಮುಟ್ಟಿತು. ಮುಟ್ಟಿತು, ಅಷ್ಟೇ. ಒತ್ತಲು ಆಗಲಿಲ್ಲ.

"ಸಿಕ್ತಾ?" ಎಂಜಿನ್ನಿನ ಆಚೆಯಿಂದ ಗಂಡ ಕೇಳಿದ.

"ಸಿಕ್ತು."

"ನೋಡಿದ್ಯಾ! ಸುಮ್ಸುಮ್ನೆ ಗಾಬರಿ ಬೀಳ್ತೀಯ."

"ಮುಂದೆ ಏನೂ ಕಾಣ್ತಿಲ್ಲ ರೀ."

"ಏನೂ ಅಂದ್ರೆ?"

"ಸ್ಟೀರಿಂಗ್ ಕಾಣ್ತಿದೆ. ಅದರ ಮೇಲೆ ಟ್ಯೂಬ್‌ಲೈಟ್ ಕಾಣ್ತಿದೆ. ಟ್ಯೂಬ್‌ಲೈಟ್ ಪಕ್ಕ ಒಂದು ಹಲ್ಲಿ ಇದೆ, ಬೇಕಾದ್ರೆ ಅದಕ್ಕೆ ಗುದ್ದಬಲ್ಲೆ."

ಶಟರಿನ ಹತ್ತಿರ ಸ್ಟೂಲಿನ ಮೇಲೆ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದ ಮಾವ ತಲೆ ಎತ್ತದೆಯೇ, "ಬೆನ್ನಿಗೊಂದು ದಿಂಬು ಕೊಟ್ರೆ ಸರಿಹೋಗುತ್ತೆ" ಎಂದರು. ನಮ್ಮ ಮನೆಯಲ್ಲಿ ಯಾವುದು ಯಾವುದಕ್ಕೆ ಹೊಂದದಿದ್ದರೂ ಮಾವ ದಿಂಬು ಕೊಡಿಸುತ್ತಾರೆ. ಮೂವತ್ತೈದು ವರ್ಷ ಬಡಗಿಯಾಗಿದ್ದವರೇ ಹೀಗೆ ಹೇಳಿದರೆ ಯಾರ ಹತ್ತಿರ ದೂರು ಕೊಡುವುದು?

ತಲೆಯ ಮೇಲಿನ ಪೈಪು ಹಿಡಿದು ಮೈಯನ್ನು ಮೇಲೆಳೆದುಕೊಂಡೆ. ಕಾಲು ಕ್ಲಚ್ಚನ್ನು ಬಿಟ್ಟುಬಿಟ್ಟಿತು. ರಸ್ತೆ ಕಂಡಿತು, ಅಂದರೆ ತೆರೆದ ಶಟರು, ಅದರಾಚೆ ಎದುರಿನ ದರ್ಜಿಯ ಅಂಗಡಿ ಕಂಡವು. ಮತ್ತೆ ಜಾರಿದೆ. ಕ್ಲಚ್ಚು ಸಿಕ್ಕಿತು, ದರ್ಜಿ ಮಾಯವಾದ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

ಸ್ಪರ್ಧೆಗೆ ಇನ್ನು ಎಂಟು ದಿನ.

ನಾವಿರುವ ಮನೆ ಮೊದಲು ಅಂಗಡಿಯಾಗಿತ್ತು. ಮುಂದಿನ ಕೋಣೆಗೆ ಬಾಗಿಲಿನ ಬದಲು ಶಟರ್ ಇದೆ. ಆ ಒಂದು ಕಾರಣಕ್ಕೆ ಗಾಡಿ ಕಟ್ಟುವ ಕೆಲಸ ಅಲ್ಲೇ ಶುರುವಾಗಿ, ಐದು ತಿಂಗಳಿಂದ ನಾನು ಊಟ ಮಾಡುವುದು ಮಂಚದ ಮೇಲೆ. ಊಟದ ಮೇಜು ಮಲಗುವ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದೆ, ಫ್ರಿಜ್ಜು ಬಚ್ಚಲಿನ ಬಾಗಿಲನ್ನು ಅರ್ಧ ಮಾತ್ರ ತೆರೆಯಲು ಬಿಡುತ್ತದೆ. ಹಿಟ್ಟಿನ ಜರಡಿಯಲ್ಲಿ ನಟ್ಟು ಬೋಲ್ಟು ತೊಳೆದಾಗಿದೆ. ಒಗೆದ ಬಟ್ಟೆಗೆ ವೆಲ್ಡಿಂಗಿನ ವಾಸನೆ. ಒಮ್ಮೆ ನನ್ನ ಚಾಯ್ ಲೋಟದ ತಳದಲ್ಲಿ ಒಂದು ವಾಷರು ಸಿಕ್ಕಿತ್ತು. ಅದನ್ನು ತೋರಿಸಿದಾಗ ಗಂಡ, "ಅಯ್ಯೋ, ನಿನ್ನೆಯಿಂದ ಇದನ್ನೇ ಹುಡುಕ್ತಿದ್ದೆ!" ಎಂದು ಸಂತೋಷಪಟ್ಟ.

ಇಷ್ಟನ್ನೂ ಸಹಿಸಿಕೊಂಡೆ. ಯಾಕೆಂದರೆ ಗಾಡಿ ನನಗೆ.

ಇದು ವೇಗದ ಸ್ಪರ್ಧೆಯಲ್ಲ. ಒಂದು ಗುಡ್ಡ. ಅದರ ಮೇಲೆ ಹನ್ನೆರಡು ಜೊತೆ ಗೂಟ ನೆಟ್ಟಿರುತ್ತಾರೆ. ಒಂದೊಂದು ಜೊತೆಯ ನಡುವೆ ಗಾಡಿ ನುಸುಳಬೇಕು. ಗೂಟಕ್ಕೆ ತಾಗಬಾರದು, ನಿಲ್ಲಬಾರದು, ಹಿಂದೆ ಜಾರಬಾರದು. ಎಷ್ಟನೇ ಗೂಟದಲ್ಲಿ ನಿಂತಿರೋ ಅಲ್ಲಿಗೆ ಮುಗಿಯಿತು. ಅವಸರ ಮಾಡಿದವರು ಕೆಟ್ಟರು. ಪ್ರತಿ ಗಾಡಿಯಲ್ಲೂ ಇಬ್ಬರು ಇರಲೇಬೇಕು: ಮುಂದೆ ಓಡಿಸುವವರು, ಹಿಂದೆ ಇನ್ನೊಬ್ಬರು. ಹಿಂದಿನವರ ಕೆಲಸ ಮೈಯ ಭಾರವನ್ನು ಅತ್ತಿತ್ತ ಎಸೆಯುವುದು, ಎಗರುವುದು, ಹಿಂದಿನ ಗಾಲಿಗಳು ಮಣ್ಣನ್ನು ಕಚ್ಚುವಂತೆ ಮಾಡುವುದು. ನಮ್ಮ ಮನೆಯಲ್ಲಿ ಇವರಿಗೆ ಓಡಿಸೋರು, ಕುಣಿಯೋರು ಎಂದು ಹೆಸರು.

ನಾನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತೇನೆ. ಒಂಬತ್ತು ವರ್ಷವಾಯಿತು. ಕೇಳಿದವರು ಓಹೋ, ದಿನವಿಡೀ ಗಾಡಿ ಓಡಿಸುತ್ತೀರಿ ಎನ್ನುತ್ತಾರೆ. ಕಲಿಸುವವರು ಓಡಿಸುವುದಿಲ್ಲ. ದಿನಕ್ಕೆ ಆರು ಜನರ ಎಡಪಕ್ಕ ಕೂತು, ನನ್ನ ಪಾಲಿನ ಆ ಒಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, "ನಿಧಾನ, ನಿಧಾನ, ಕ್ಲಚ್ ಬಿಡಬೇಡಿ, ಬಿಡಬೇಡಿ ಅಂದೆ" ಎಂದು ಗಂಟಲು ಹರಿದುಕೊಳ್ಳುತ್ತೇನೆ. ಒಂಬತ್ತು ವರ್ಷದಲ್ಲಿ ನನ್ನ ಎಡಬದಿಯ ಕಿಟಕಿಯಲ್ಲಿ ಈ ಊರಿನ ಚರಂಡಿಗಳೆಲ್ಲ ಪರಿಚಯವಾಗಿವೆ.

ಕಳೆದ ವರ್ಷ ಟೈರ್ ಅಂಗಡಿಯವನ ಗಾಡಿಯನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದೆವು. ನಾನು ಮುಂದೆ, ಗಂಡ ಹಿಂದೆ. ಎಂಬತ್ತೆರಡು ಕಿಲೋ ತೂಗುವ ಅವನು ಕುಣಿದರೆ ಗಾಲಿ ನೆಲದಿಂದ ಏಳುವ ಮಾತೇ ಇಲ್ಲ. ಅತಿ ಕಡಿದಾದ ಏರಿನಲ್ಲಿ ಹತ್ತು ಜೊತೆ ಗೂಟ ದಾಟಿದೆ. ಗಾಡಿಯ ಯಜಮಾನ ಅದೇ ಗಾಡಿಯಲ್ಲಿ ಏಳು ದಾಟಿದ್ದ. ಈ ವರ್ಷ ಕೇಳಿದ್ದಕ್ಕೆ, "ಗಾಡಿಗೆ ಸ್ವಲ್ಪ ಕೆಲ್ಸ ಇದೆ ಅಕ್ಕಾ" ಎಂದ. ಏನು ಕೆಲಸ ಎಂದು ಹೇಳಲಿಲ್ಲ.

ಆ ದಿನವೇ ಗಂಡ, "ಅವನ ಗಾಡಿ ಯಾಕೆ? ನಿನಗೆ ನಾನು ಮಾಡಿಕೊಡ್ತೀನಿ. ನಿನ್ನ ಮೈಗೇ ಹೊಲಿದ ಹಾಗಿರಬೇಕು" ಎಂದಿದ್ದ. ಅವನು ಆಸ್ಪತ್ರೆ ಮಂಚ ಮಾಡುವ ಕಾರ್ಖಾನೆಯಲ್ಲಿ ಪೈಪು ಬಾಗಿಸುತ್ತಾನೆ. ಪೈಪಿನ ವಿಷಯದಲ್ಲಿ ಅವನ ಮಾತಿಗೆ ಎರಡನೆಯ ಮಾತಿಲ್ಲ. ಉಳಿದ ವಿಷಯಗಳಲ್ಲಿ ಎರಡು, ಮೂರು, ನಾಲ್ಕು ಇರುತ್ತವೆ.

ಗಾಡಿಯಿಂದ ಇಳಿದೆ.

"ಯಾವ ಅಳತೆಗೆ ಮಾಡಿದ್ದು ಇದನ್ನ?"

"ನಿನ್ನ ಅಳತೆಗೇ. ಅಪ್ಪ ತಗೊಂಡಿದ್ರಲ್ಲ. ನೀನೂ ಕೂತಿದ್ದೆ."

ಕೂತಿದ್ದು ನಿಜ. ಒಂದು ಸಂಜೆ ಕೆಲಸದಿಂದ ಬಂದವಳನ್ನು ಮಾವ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂರಿಸಿ, ಕಾಲು ಚಾಚು ಅಂದರು, ಮಡಚು ಅಂದರು, ತೋಳು ಮುಂದೆ ಹಿಡಿ ಅಂದರು. ಮಾವ ಟೇಪು ಮುಟ್ಟುವುದಿಲ್ಲ. ಟೇಪಿನಲ್ಲಿ ಅಂಕಿ ಇರುತ್ತದೆ, ಅಂಕಿಯನ್ನು ಬಾಯಲ್ಲಿ ಹೇಳುವಾಗ ಒಬ್ಬ ತಪ್ಪುತ್ತಾನೆ, ಬರೆಯುವಾಗ ಇನ್ನೊಬ್ಬ ತಪ್ಪುತ್ತಾನೆ ಎಂಬುದು ಅವರ ವಾದ. ಅವರದು ಕಡ್ಡಿ. ಉದ್ದನೆಯ ಒಂದು ಮರದ ಕಡ್ಡಿಯನ್ನು ಮೈಗೆ ಹಿಡಿದು, ಸೊಂಟ ಇಲ್ಲಿ, ಮೊಣಕಾಲು ಇಲ್ಲಿ, ಹಿಮ್ಮಡಿ ಇಲ್ಲಿ ಎಂದು ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಆಮೇಲೆ ಆ ಕಡ್ಡಿಯನ್ನೇ ಪೈಪಿಗೆ ಹಿಡಿದು ಕತ್ತರಿಸುವುದು. ತಪ್ಪುವ ಸಂಭವವೇ ಇಲ್ಲ.

"ಕಡ್ಡಿ ಎಲ್ಲಿದೆ ಮಾವ?"

ಮಾವನಿಗೆ ಅವಮಾನವಾಯಿತು. ಉಳಿ ಕೆಳಗಿಟ್ಟು, ಎದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದ ಎರಡು ಕಡ್ಡಿಗಳನ್ನು ತಂದು ನನ್ನ ಕೈಗೆ ಕೊಟ್ಟರು. ಒಂದರ ಮೇಲೆ ದುಂಡಗಿನ ಅಕ್ಷರದಲ್ಲಿ "ಓಡಿಸೋರು" ಎಂದು ಬರೆದಿತ್ತು. ಇನ್ನೊಂದರ ಮೇಲೆ "ಕುಣಿಯೋರು". ಓಡಿಸೋರ ಕಡ್ಡಿಯನ್ನು ಕಾಲಿಗೆ ಹಿಡಿದೆ. ಹಿಮ್ಮಡಿಯ ಗೆರೆ ನನ್ನ ಹಿಮ್ಮಡಿಯನ್ನು ದಾಟಿ ನಾಲ್ಕು ಬೆರಳು ಆಚೆಗಿತ್ತು. ಕುಣಿಯೋರ ಕಡ್ಡಿ ಹಿಡಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಮಾವ, ಓಡಿಸೋರು ಅಂದ್ರೆ ಯಾರು?"

"ಓಡಿಸೋರು ಅಂದ್ರೆ ಓಡಿಸೋರು."

"ಯಾರು ಅವರು?"

ಮಾವ ಮಗನನ್ನು ನೋಡಿದರು. ಮಗ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದ.

"ಇವನೇ ಹೇಳಿದ್ದು," ಎಂದರು ಮಾವ. "ಓಡಿಸೋರದ್ದು ಒಂದು ಕಡ್ಡಿಗೆ ಇಳಿಸಪ್ಪ, ಕುಣಿಯೋರದ್ದು ಒಂದು ಕಡ್ಡಿಗೆ ಅಂತ. ಓಡಿಸೋಳು ಅಂತ ಬಾಯಿಬಿಟ್ಟು ಅಂದಿದ್ರೆ ನಾನು ಯಾಕೆ ಇವನನ್ನ ಕೂರಿಸ್ತಿದ್ದೆ? ಗಾಡಿ ಮಾಡೋನು ಇವನು, ಓಡಿಸೋನೂ ಇವನೇ ಅಂದ್ಕೊಂಡೆ. ಅದರಲ್ಲಿ ನಂದೇನು ತಪ್ಪು?"

"ಹೋದ ವರ್ಷ ಓಡಿಸಿದ್ದು ನಾನಲ್ವಾ?"

"ನಾನೆಲ್ಲಿ ಬಂದಿದ್ದೆ ತಾಯೀ, ನನಗೆ ಆವತ್ತು ಹಲ್ಲುನೋವು."

ಗಂಡ ಸ್ಪ್ಯಾನರಿನಿಂದ ಕಣ್ಣು ಕೀಳದೆ, "ನಿನಗೆ ಮರ್ಯಾದೆ ಕೊಡೋಣ ಅಂತ ಓಡಿಸೋರು ಅಂದೆ ಕಣೇ" ಎಂದ.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ನನಗೆ ಬಹುವಚನ ಕೊಟ್ಟಿದ್ದ. ಅದೂ ಹೋಗಿ ಅವನಿಗೇ ಸಂದಿತ್ತು.

"ಸರಿ, ಮಾವನಿಗೆ ಗೊತ್ತಾಗ್ಲಿಲ್ಲ," ಎಂದೆ. "ನೀವು? ಐದು ತಿಂಗಳಿಂದ ದಿನಾ ಇದರಲ್ಲಿ ಕೂತು ಎದ್ದಿದ್ದೀರಿ. ಕಾಲು ಆರಾಮಾಗಿ ಎಟುಕ್ತಿದೆಯಲ್ಲ, ಇದ್ಯಾಕೋ ಅನುಮಾನ ಅನ್ನಿಸ್ಲಿಲ್ವಾ?"

"ವೆಲ್ಡಿಂಗ್ ಮೇಲೆ ಗಮನ ಇತ್ತು."

"ಸೀಟು ಮುಂದಕ್ಕೆ ತನ್ನಿ."

"ಬರಲ್ಲ. ತಲೆ ಮೇಲಿನ ಪೈಪು ಸೀಟಿನ ನೇರಕ್ಕೇ ಇರಬೇಕು. ಮುಂದೆ ತಂದ್ರೆ ತಲೆ ಹೊರಗೆ ಬರುತ್ತೆ. ತಪಾಸಣೆಯವರು ಗೇಟಿಂದಲೇ ವಾಪಸ್ ಕಳಿಸ್ತಾರೆ."

"ಪೆಡಲ್ ಹಿಂದಕ್ಕೆ ತನ್ನಿ."

"ಪೆಡಲ್ ಕೂತಿರೋದು ಅಡ್ಡಪೈಪಿನ ಮೇಲೆ. ಎಂಜಿನ್ನಿನ ಹಿಂಗಾಲೂ ಅದರ ಮೇಲೇ ನಿಂತಿದೆ. ಅದನ್ನ ಕತ್ತರಿಸ್ಬೇಕು ಅಂದ್ರೆ ಎಂಜಿನ್ ಇಳಿಸ್ಬೇಕು."

"ಇಳಿಸಿ."

"ಮೂರು ದಿನದ ಕೆಲ್ಸ ಕಣೇ!"

"ಎಂಟು ದಿನ ಇದೆ."

ಅವನು ಅಡ್ಡಪೈಪಿನ ಮೇಲೆ ಕೈಯಿಟ್ಟ. ಯಾರೋ ಅವನ ಪಕ್ಕೆಲುಬು ಮುರಿಯಲು ಬಂದಿದ್ದಾರೆ ಎನ್ನುವ ಹಾಗೆ. "ಈ ಜಾಯಿಂಟ್ ನೋಡು. ಒಂದೇ ಉಸಿರಲ್ಲಿ ಹಾಕಿದ್ದು. ಕಾರ್ಖಾನೇಲಿ ಯಾರಿಗಾದ್ರೂ ತೋರಿಸು, ಕೈ ಮುಗೀತಾರೆ."

"ಕಾರ್ಖಾನೆಯವರು ಓಡಿಸ್ತಾರಾ ಇದನ್ನ?"

ಮಾವ ನಡುವೆ ಬಂದರು. ಪೆಡಲಿನ ಮೇಲೆ ಮರದ ತುಂಡು ಕೂರಿಸಿದರೆ ಕಾಲು ಎಟುಕುತ್ತದೆ, ಪೈಪೂ ಉಳಿಯುತ್ತದೆ. ನಾಲ್ಕು ಬೆರಳು ತಾನೇ? ಎರಡು ಬೆರಳು ಮರ, ಎರಡು ಬೆರಳು ದಿಂಬು. ಲೆಕ್ಕ ಸರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವರು ಗಟ್ಟಿ ಮರದ ಮೂರು ತುಂಡು ಕೆತ್ತಿ, ಪೆಡಲು ಕೂರುವಷ್ಟು ಒಳಗೆ ಕೊರೆದು, ತಂತಿ ಸುತ್ತಿ ಬಿಗಿದೇ ಬಿಟ್ಟರು. ಕೆಲಸ ಚೊಕ್ಕವಾಗಿತ್ತು. ಅಂಚುಗಳನ್ನು ದುಂಡಗೆ ಉಜ್ಜಿದ್ದರು. ಅದೇ ನನ್ನನ್ನು ಇನ್ನಷ್ಟು ರೇಗಿಸಿತು. ಇಷ್ಟು ಚೆನ್ನಾಗಿ ಕೆಲಸ ಬಲ್ಲ ಇಬ್ಬರು ಗಂಡಸರು ಒಂದು ಮನೆಯಲ್ಲಿ ಸೇರಿ ಒಂದು ಹೆಂಗಸಿನ ಕಾಲಿನ ಉದ್ದದಲ್ಲಿ ತಪ್ಪಿದ್ದರು.

ಗಾಡಿಯನ್ನು ಶಟರಿನಿಂದ ಹೊರಗೆ ತಳ್ಳಿದೆವು. ದರ್ಜಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದ. "ಯಾವ ಆಸ್ಪತ್ರೆಗೆ ಮಂಚ?"

"ನಿನಗೇ ಕಣಯ್ಯಾ," ಎಂದರು ಮಾವ. "ಮಲ್ಕೊಳ್ಳೋ ಹಾಗಾದಾಗ ಹೇಳು."

ಬೀದಿಯ ಕೊನೆಗೆ, ಕಟ್ಟಡದವರು ಅಡಿಪಾಯ ತೋಡಿದ ಮಣ್ಣನ್ನು ತಂದು ಸುರಿದ ಒಂದು ದಿಬ್ಬವಿದೆ. ಒಂದು ಮಗ್ಗುಲು ಜೇಡಿ, ಒಂದು ಮಗ್ಗುಲು ಜಲ್ಲಿ. ಗಂಡ ಅಲ್ಲಿ ಆರು ಜೊತೆ ಗೂಟ ನೆಟ್ಟ. ನಾನು ಬೆನ್ನಿಗೆ ದಿಂಬು ಕೊಟ್ಟು ಮುಂದೆ ಕೂತೆ, ಅವನು ಹಿಂದೆ ಕೂತ. ಅವನ ಮೊಣಕಾಲು ನನ್ನ ಭುಜದ ಹತ್ತಿರ ಬಂತು, ಯಾಕೆಂದರೆ ಆ ಸೀಟು ನನ್ನ ಅಳತೆಯದು. "ಹೊರಡು ಬೇಗ, ಕಾಲು ಜೋಮು ಹಿಡೀತಿದೆ" ಎಂದ.

ಎಂಜಿನ್ನಿನ ಸದ್ದು ಮಾತ್ರ ಸೊಗಸಾಗಿತ್ತು. ಮೊದಲ ಗೂಟ ದಾಟಿದೆ. ಎರಡನೆಯದು ದಾಟಿದೆ. ಮೂರನೆಯದಕ್ಕೆ ಎಡಕ್ಕೆ ಚೂಪಾದ ತಿರುವು. ಎಡಗೈಯಲ್ಲಿ ಲಿವರ್ ಎಳೆದು ಹಿಂದಿನ ಎಡಗಾಲಿಯನ್ನು ಹಿಡಿದು ನಿಲ್ಲಿಸಬೇಕು, ಆಗ ಗಾಡಿ ಅದರ ಸುತ್ತ ತಿರುಗುತ್ತದೆ. ಆ ಹೊತ್ತಿನಲ್ಲಿ ಎಲ್ಲವೂ ಇರುವುದು ಎಡಗಾಲಿನ ಅಂಗಾಲಿನಲ್ಲಿ. ಕ್ಲಚ್ಚು ಎಲ್ಲಿ ಕಚ್ಚುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಅಂಗಾಲೇ ಕೇಳಿಸಿಕೊಳ್ಳಬೇಕು. ಮರದ ತುಂಡಿನ ಮೇಲೆ ಕಾಲಿಟ್ಟು ಅದನ್ನು ತಿಳಿಯುವುದೆಂದರೆ ಕಂಬಳಿಯ ಮೇಲಿಂದ ನಾಡಿ ನೋಡಿದ ಹಾಗೆ. ತುಂಡು ಹೊರಳಿತು. ಕಾಲು ಜಾರಿತು. ಎಂಜಿನ್ ಬಂದ್ ಆಯಿತು. ಗಾಡಿ ಹಿಂದಕ್ಕೆ ಸರಿದು ಗೂಟವನ್ನು ಮಲಗಿಸಿತು.

"ಕಾಲು ಯಾಕೆ ತೆಗ್ದೆ?" ಹಿಂದಿನಿಂದ ಕೂಗು.

"ನಾನು ತೆಗೀಲಿಲ್ಲ."

"ತೆಗ್ದೆ, ನಾನು ನೋಡ್ದೆ."

"ಅಲ್ಲಿಂದ ನಿಮಗೆ ನನ್ನ ತಲೆ ಬಿಟ್ಟು ಏನು ಕಾಣುತ್ತೆ?"

"ಮೊಳೆ ಹೊಡೀಬೇಕಿತ್ತು," ಎಂದರು ಕೆಳಗೆ ನಿಂತಿದ್ದ ಮಾವ.

ಎರಡನೇ ಸಲ ಅದೇ ಗೂಟ. ಮೂರನೇ ಸಲ ದಿಂಬು ಪಕ್ಕಕ್ಕೆ ಜಾರಿ, ನಾನೂ ಅದರ ಜೊತೆ ಜಾರಿ, ಲಿವರ್ ಕೈಗೆ ಸಿಗದೆ, ಹಿಂದಿನ ಬಲಗಾಲಿ ಗುಂಡಿಗೆ ಇಳಿಯಿತು. ನನ್ನ ಹತ್ತಿರ ಕಲಿಯುವವರಲ್ಲಿ ಅತಿ ದಡ್ಡರೂ ಇಷ್ಟು ಅಸಹ್ಯವಾಗಿ ಓಡಿಸಿಲ್ಲ.

"ಇಳಿ. ಗುಂಡಿಯಿಂದ ತೆಗೆದುಕೊಡ್ತೀನಿ," ಎಂದ ಗಂಡ. "ನೀನು ಹಿಂದೆ ಕೂತ್ಕೋ. ಭಾರ ಬೇಕು."

ತಂತಿ ಕತ್ತರಿಸಿ ಮೂರು ತುಂಡುಗಳನ್ನೂ ಕಿತ್ತು ಮಾವನ ಕಡೆಗೆ ಎಸೆದ. ದಿಂಬನ್ನೂ ಎಸೆದ. ಮುಂದೆ ಕೂತ. ಕಾಲು ಚಾಚಿದ. ಪೆಡಲುಗಳು ಬಂದು ಅವನ ಪಾದದ ಕೆಳಗೆ ನಿಂತವು.

ನಾನು ಹಿಂದೆ ಹತ್ತಿದೆ. ಸೊಂಟ ತಾನಾಗಿ ತನ್ನ ಜಾಗಕ್ಕೆ ಇಳಿಯಿತು. ಬೆನ್ನಿಗೆ ಪೈಪು ಎಲ್ಲಿ ಬೇಕೋ ಅಲ್ಲಿ ಸಿಕ್ಕಿತು. ಪಾದಕ್ಕೆ ಅಡ್ಡಪಟ್ಟಿ, ಕೈಗೆ ಹಿಡಿಕೆ. ಇಷ್ಟು ಹಿತವಾದ ಸೀಟಿನಲ್ಲಿ ಜನ್ಮದಲ್ಲಿ ಕೂತಿರಲಿಲ್ಲ. ಹಲ್ಲು ಕಚ್ಚಿಕೊಂಡೆ.

ಅವನು ಎಂಜಿನ್ ಹೊತ್ತಿಸಿ ಗುಂಡಿಯಿಂದ ಗಾಡಿಯನ್ನು ಕೀಳಲು ನೋಡಿದ. ಕ್ಲಚ್ಚನ್ನು ಬಾಗಿಲು ಒದ್ದ ಹಾಗೆ ಬಿಟ್ಟ. ಒಂಬತ್ತು ವರ್ಷದ ಅಭ್ಯಾಸ, ಬಾಯಿ ಸುಮ್ಮನಿರಲಿಲ್ಲ.

"ಬಿಡಬೇಡಿ. ಅರ್ಧಕ್ಕೆ ಹಿಡೀರಿ. ಅಲ್ಲೇ. ಅಲ್ಲೇ ಅಂದೆ. ಆಕ್ಸಿಲರೇಟರ್ ಮುಟ್ಟಬೇಡಿ. ಹಾಂ, ಈಗ ಒಂಚೂರು."

ಗಾಡಿ ಗುಂಡಿಯಿಂದ ಎದ್ದು ಬಂತು. ಬಂದು ನಿಲ್ಲಲಿಲ್ಲ. ಅವನು ನೇರವಾಗಿ ಮೂರನೇ ಗೂಟಕ್ಕೆ ತಿರುಗಿಸಿದ.

"ಎಡ ಲಿವರ್. ಪೂರ್ತಿ ಎಳೀರಿ. ಈಗ ಬಿಡಿ!"

ಮೂರು ದಾಟಿತು. ನಾಲ್ಕರ ಏರಿನಲ್ಲಿ ಗಾಲಿ ಜೇಡಿಯಲ್ಲಿ ಸುತ್ತತೊಡಗಿದಾಗ ನನ್ನ ಮೈ ನನ್ನನ್ನು ಕೇಳದೆಯೇ ಎಗರಿ ಹಿಂದಕ್ಕೆ ಬಿತ್ತು. ಗಾಲಿ ಕಚ್ಚಿತು. ಐದಕ್ಕೆ ಬಲಕ್ಕೆ ವಾಲಿದೆ. ಆರರ ಎರಡು ಗೂಟಗಳ ನಡುವೆ ಎರಡೂ ಕಡೆ ಅಂಗೈಯಗಲ ಜಾಗ ಉಳಿಸಿ ನುಸುಳಿ ದಿಬ್ಬದ ತುದಿಗೆ ಬಂದು ನಿಂತೆವು. ಅವನು ಎಂಜಿನ್ ಆರಿಸಿದ. ಬಿಸಿಯಾದ ಪೈಪು ಟಿಕ್ ಟಿಕ್ ಅನ್ನುವುದು ಕೇಳಿಸುತ್ತಿತ್ತು. ಕೆಳಗೆ ಮಾವ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದರು.

ನನಗೂ ಖುಷಿಯಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಗಂಡ ತಿರುಗಿ ನೋಡಿದ. ಮುಖದ ತುಂಬ ಮಣ್ಣು, ಮಣ್ಣಿನ ನಡುವೆ ಹಲ್ಲು. ನಗುತ್ತಲೇ ಇದ್ದವನು ನನ್ನ ಮುಖ ನೋಡಿ ನಗು ಕಡಿಮೆ ಮಾಡಿಕೊಂಡ.

"ಎರಡನೇ ತಿಂಗಳಲ್ಲೇ ಗೊತ್ತಾಯ್ತು," ಎಂದ. "ಸೀಟು ಕೂರಿಸಿದ ದಿನ. ಒಂದ್ಸಲ ಕೂತು ನೋಡೋಣ ಅಂತ ಕೂತೆ. ಪೆಡಲಿಗೆ ಅಂತ ಹಾಕಿದ್ದ ಗುರುತಿಗೆ ಕಾಲು ಸರಿಯಾಗಿ ಹೋಗಿ ಕೂತ್ಕೊಳ್ತು."

"ಆಗಿನ್ನೂ ಅಡ್ಡಪೈಪು ಹಾಕಿರಲಿಲ್ಲ."

"ಹಾಕಿರಲಿಲ್ಲ."

"ಹೇಳಬಹುದಿತ್ತು."

"ನಾಳೆ ಹೇಳೋಣ ಅಂದ್ಕೊಳ್ತಿದ್ದೆ. ದಿನಾ ಅಂದ್ಕೊಳ್ತಿದ್ದೆ. ನೀನು ಕೆಲ್ಸಕ್ಕೆ ಹೋದ ಮೇಲೆ ಸುಮ್ನೆ ಇದರಲ್ಲಿ ಕೂರ್ತಿದ್ದೆ. ಎಂಜಿನ್ ಇರಲಿಲ್ಲ, ಗಾಲಿ ಇರಲಿಲ್ಲ, ಆದ್ರೂ ಕೂರ್ತಿದ್ದೆ. ಇನ್ನೊಬ್ಬರಿಗೆ ಮಂಚ ಮಾಡಿ ಮಾಡಿ... ಏನು ಹೇಳೋದು, ಚೆನ್ನಾಗಿತ್ತು ಕಣೇ."

ಅವನ ಮಾತಿಗೆ ಏನಾದರೂ ಬೈಗುಳ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಸುಲಭವಾಗುತ್ತಿತ್ತು.

ಅವನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ತೊಡೆಯ ಮೇಲೆ ಬಿಡಿಸಿದ. ಸ್ಪರ್ಧೆಯ ಅರ್ಜಿ. ನಾಡಿದ್ದು ಕೊಡಬೇಕಾದದ್ದು. ಚಾಲಕರು, ಸಹಸವಾರರು ಎಂದು ಎರಡು ಚೌಕ, ಎರಡೂ ಖಾಲಿ, ಎರಡರ ಕೆಳಗೂ ಸಹಿಯ ಜಾಗ. ಎರಡೂ ಸಹಿ ಇಲ್ಲದ ಅರ್ಜಿಯನ್ನು ಅವರು ಮುಟ್ಟುವುದಿಲ್ಲ.

"ಇದೊಂದು ಸಲ ನಾನು ಮುಂದೆ ಕೂರ್ತೀನಿ," ಎಂದ. "ನೀನು ಹೀಗೇ ಹಿಂದಿನಿಂದ ಹೇಳ್ತಾ ಹೋಗು. ಹೇಳಿದ ಹಾಗೆ ಕೇಳ್ತೀನಿ. ನೋಡಿದ್ಯಲ್ಲ ಹೇಗೆ ಬಂತು! ಬಹುಮಾನ ಬಂದ್ರೆ ನೀನೇ ಹೋಗಿ ಇಸ್ಕೋ. ಮುಂದಿನ ವರ್ಷಕ್ಕೆ ನಿನ್ನ ಅಳತೆಗೆ ಇನ್ನೊಂದು ಮಾಡ್ತೀನಿ, ಆಣೆ ಮಾಡಿ ಹೇಳ್ತೀನಿ."

"ಪೈಪು ಕತ್ತರಿಸಿ. ಮೂರು ದಿನ ಸಾಕು ಅಂದ್ರಿ."

"ಕತ್ತರಿಸಿ ಬೆಸೆದ್ರೆ ಈ ಗಾಡಿ ಹೀಗೆ ಬರಲ್ಲ."

"ಬರದಿದ್ರೆ ಬರದಿದ್ದ ಹಾಗೇ ಓಡಿಸ್ತೀನಿ."

ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತ ಮೇಲೆ ಬಂದರು. ಕಂಕುಳಲ್ಲಿ ದಿಂಬು. ಅದನ್ನು ಪೂರ್ತಿ ಮರೆತು ನಮ್ಮಿಬ್ಬರನ್ನೂ ನೋಡಿ ಅರಳಿದರು. "ಏನು ಜೋಡಿ ಅಂತೀನಿ! ಇವನ ಕಾಲು, ನಿನ್ನ ಬಾಯಿ. ಎದುರು ಯಾರು ನಿಲ್ತಾರೆ ನೋಡೇಬಿಡೋಣ. ಹಾಕು ತಾಯೀ ಸಹಿ. ಅವನು ಮಕ್ಕಳ ಹಾಗೆ ಕೇಳ್ತಿದ್ದಾನೆ."

ಗಂಡ ಪೆನ್ನಿನ ಮುಚ್ಚಳ ತೆಗೆದು, ಕಾಗದವನ್ನು ತನ್ನ ಸೀಟಿನ ಹಿಂಬದಿಯ ಪೈಪಿನ ಮೇಲಿಟ್ಟು, ಕೆಳಗಿನ ಸಹಸವಾರರ ಚೌಕ ನನಗೆ ಸರಿಯಾಗಿ ಕಾಣುವಂತೆ ತಿರುಗಿಸಿ ಹಿಡಿದ. ಪೆನ್ನು ನನ್ನ ಕೈಯ ಹತ್ತಿರಕ್ಕೆ ಬಂತು.

"ಒಂದೇ ಒಂದು ಸಲ," ಎಂದ. "ಕೂತ್ಕೊಳ್ರಿ ಮೇಡಂ, ದಮ್ಮಯ್ಯ."

"ಇಲ್ಲ," ಎಂದೆ. "ನಾನು ಹಿಂದೆ ಕೂರಲ್ಲ."